‘ಚಿತ್ರದುರ್ಗಗೆ ಬಸ್’ ಆಗಬಾರದು ಅಂದ್ರೆ: ಆ್ಯಪ್ ಕನ್ನಡಕ್ಕೆ ತರುವುದು ಹೇಗೆ?

ಬಸ್ಸಿನ ಸಮಯ ತೋರಿಸುವ ಪುಟ್ಟ ಆ್ಯಪ್ ಒಂದನ್ನು ಕನ್ನಡಕ್ಕೆ ತಂದಿದ್ದೆ. ದಾವಣಗೆರೆ ಬಸ್‌ಸ್ಟ್ಯಾಂಡಿನಲ್ಲಿ ನಿಂತು ತೆರೆದರೆ ‘ಚಿತ್ರದುರ್ಗಗೆ ಹೋಗುವ ಬಸ್’ ಅಂತ ಬಂತು. ತುಂಬಾ ಬೇಜಾರಾಯಿತು.

ಕೆಲಸದ ದಾರಿ ಕಷ್ಟವೇನಲ್ಲ. ಪ್ರೋಗ್ರಾಮಿನೊಳಗಿನ ಇಂಗ್ಲಿಷ್ ಸಾಲುಗಳನ್ನು ಗ್ನೂ ಗೆಟ್‌ಟೆಕ್ಸ್ಟ್ ಎಂಬ ಸಾಧನ ಹೆಕ್ಕಿ ಒಂದು ಪಿಒಟಿ ಫೈಲಿಗೆ ಹಾಕುತ್ತದೆ. ಅದನ್ನು ಪೋಎಡಿಟ್ ಎಂಬ ಅನುವಾದದ ಪ್ರೋಗ್ರಾಮಿನಲ್ಲಿ ತೆರೆದು ಹೊಸ ಅನುವಾದ ಶುರು ಮಾಡಿ, ಭಾಷೆ ಕನ್ನಡ ಅಂತ ಆರಿಸಿ. ಇಂಗ್ಲಿಷ್ ಸಾಲಿನ ಕೆಳಗೆ ಖಾಲಿ ಪೆಟ್ಟಿಗೆ ಇರುತ್ತದೆ, ತುಂಬುತ್ತಾ ಹೋಗಿ. ಸೇವ್ ಮಾಡಿದರೆ ಪ್ರೋಗ್ರಾಂ ಓದುವ ಎಂಒ ಫೈಲನ್ನೂ ಅದೇ ಮಾಡಿಕೊಡುತ್ತದೆ.

ಎಡವುವುದು ಶೇಕಡಾ ಗುರುತಿನ ಮುಂದೆ ‘ಎಸ್’ (%s) ಇರುವ ಕಡೆ. ಆ ಜಾಗಕ್ಕೆ ಆಮೇಲೆ ಊರಿನ ಹೆಸರು ಬಂದು ಕೂರುತ್ತದೆ, ಹಾಗಾಗಿ ಅದನ್ನು ಅಳಿಸುವ ಹಾಗಿಲ್ಲ. ಇಂಗ್ಲಿಷಿನಲ್ಲಿ ಊರಿನ ಹಿಂದೆ ‘ಟು’ ಇಟ್ಟರೆ ಮುಗಿಯಿತು, ನಮ್ಮಲ್ಲಿ ಹಾಗಲ್ಲ ಅಲ್ವಾ? ದಾವಣಗೆರೆಗೆ, ಹಿರಿಯೂರಿಗೆ, ಚಿತ್ರದುರ್ಗಕ್ಕೆ. ಮೂರು ಊರು, ಮೂರು ಥರ. ನಾನು ಸುಮ್ನೆ ‘ಗೆ’ ಅಂಟಿಸಿದ್ದೆ, ದಾವಣಗೆರೆಗೆ ಸರಿಹೋಯಿತು, ದುರ್ಗಕ್ಕೆ ಕೆಟ್ಟಿತು. ವಿಭಕ್ತಿ ಬೇಡದ ಹಾಗೆ ವಾಕ್ಯವನ್ನೇ ತಿರುಗಿಸುವುದು ಒಳ್ಳೆಯದು: ‘ತಲುಪುವ ಊರು: ಚಿತ್ರದುರ್ಗ’. ಯಾವ ಊರು ಬಂದರೂ ತಪ್ಪಾಗಲ್ಲ.

ಏಕವಚನ, ಬಹುವಚನಕ್ಕೆ ಕನ್ನಡದಲ್ಲಿ ಎರಡು ಪೆಟ್ಟಿಗೆ ಸಿಗುತ್ತವೆ. ಎರಡನೆಯದಕ್ಕೆ ‘ಬಸ್ಸುಗಳು’ ಅಂತ ಎಳೆಯಬೇಡಿ. ‘1 ಬಸ್ ಇದೆ’, ‘3 ಬಸ್ ಇವೆ’. ಬದಲಾಗುವುದು ಕ್ರಿಯಾಪದ, ನಾವು ಮಾತಾಡುವುದೂ ಹಾಗೇ.

ಅನುವಾದ ಮಾಡುವ ಜನ ಜಾಸ್ತಿ ಇದ್ದರೆ ವೆಬ್‌ಲೇಟ್ ಎಂಬ ತಾಣ ಅನುಕೂಲ. ಬ್ರೌಸರ್‌ನಲ್ಲೇ ಅನುವಾದ ಮಾಡಬಹುದು, ಬದಲಾವಣೆ ನೇರ ಗಿಟ್‌ಗೆ, ಅಂದ್ರೆ ಪ್ರೋಗ್ರಾಮಿನ ಫೈಲುಗಳ ಬದಲಾವಣೆಗಳನ್ನು ದಾಖಲಿಸಿಡುವ ವ್ಯವಸ್ಥೆಗೆ, ಹೋಗುತ್ತದೆ. ಅದರಲ್ಲಿ ಪದಕೋಶ ಮಾಡಿಕೊಳ್ಳಿ, ಇಲ್ಲದಿದ್ದರೆ ಒಬ್ಬರು ‘ಉಳಿಸು’ ಅಂತಾರೆ, ಇನ್ನೊಬ್ಬರು ‘ಸೇವ್ ಮಾಡು’ ಅಂತಾರೆ, ಓದುವವರಿಗೆ ಎರಡು ಬೇರೆ ಕೆಲಸ ಅನಿಸುತ್ತದೆ. ಮೂಲ ಇಂಗ್ಲಿಷ್ ಸಾಲು ಸ್ವಲ್ಪ ಬದಲಾದರೆ ಗೆಟ್‌ಟೆಕ್ಸ್ಟ್ ಹಳೆಯ ಅನುವಾದಕ್ಕೆ ‘ಫಜಿ’ (ಖಚಿತವಿಲ್ಲ) ಅಂತ ಗುರುತು ಹಾಕಿಡುತ್ತದೆ. ಅದನ್ನು ನೋಡಿ, ತಿದ್ದಿ, ಗುರುತು ತೆಗೆಯುವ ತನಕ ಸಾಮಾನ್ಯವಾಗಿ ಆ ಸಾಲು ಇಂಗ್ಲಿಷಿನಲ್ಲೇ ಕಾಣುತ್ತದೆ. ‘ಅನುವಾದ ಮಾಡಿದ್ದೆನಲ್ಲ, ಎಲ್ಲಿ ಹೋಯಿತು?’ ಅಂತ ಹುಡುಕುವವರು ಮೊದಲು ನೋಡಬೇಕಾದ ಜಾಗ ಇದು.

ಕೊನೆಗೆ ಫೋನಿನಲ್ಲಿ ತೆರೆದು ಪ್ರತಿ ಬಟನ್ ನೋಡಿ. ‘ರದ್ದು’, ‘ಮುಚ್ಚು’ ಪದಗಳ ಒತ್ತಕ್ಷರ ಕೆಳಗೆ ಅರ್ಧ ಕತ್ತರಿಸಿ ಹೋಗಿದ್ದರೆ ತಪ್ಪು ಅನುವಾದದ್ದಲ್ಲ, ಬಟನ್ನಿನ ಎತ್ತರದ್ದು. ಸ್ಕ್ರೀನ್‌ಶಾಟ್ ತೆಗೆದು ಪ್ರೋಗ್ರಾಂ ಬರೆದವರಿಗೆ ಕಳಿಸಿ.