ಚೆಕ್ ಲೈಟ್ ಬಂದರೆ ಮೊದಲು ವೈರ್ ನೋಡಿ: ಡೀಸೆಲ್ ಪಿಕಪ್‌ನ ಸೈಲೆನ್ಸರ್ ಸೆನ್ಸರ್‌ಗಳ ಜೊತೆ ನನ್ನ ಅನುಭವ

ಕೋಲಾರದ ಟೊಮೆಟೊ ಮಂಡಿಗೆ ಲೋಡ್ ಹೊಡೆಯುವವರಲ್ಲಿ ಬಿಎಸ್6 (ಹೊಗೆಗೆ ಮಿತಿ ಹಾಕುವ ಸರ್ಕಾರಿ ಮಾನದಂಡ) ಪಿಕಪ್ ಇರುವ ಯಾರನ್ನು ಕೇಳಿದರೂ ಒಂದೇ ಮಾತು: ಇಂಜಿನ್ ಚೆನ್ನಾಗಿದೆ, ಸೆನ್ಸರ್‌ಗಳದ್ದೇ ಕಾಟ. ಮೀಟರ್‌ನಲ್ಲಿ ಹಳದಿ ಲೈಟ್ ಹತ್ತಿಕೊಳ್ಳುತ್ತೆ, ಎಳೆತ ಸತ್ತುಹೋಗುತ್ತೆ, ತುಂಬಿದ ಗಾಡಿ ಏರಿನಲ್ಲಿ ಎರಡನೇ ಗೇರಿಗೆ ಬಂದು ನಿಲ್ಲುತ್ತೆ. ವರ್ಕ್‌ಶಾಪಿಗೆ ಹೋದರೆ ಸ್ಕ್ಯಾನರ್ ಚುಚ್ಚಿ, ‘ಸಾರ್, ಸೆನ್ಸರ್ ಹೋಗಿದೆ, ಪಾರ್ಟ್ ಆರ್ಡರ್ ಹಾಕ್ಬೇಕು’ ಅಂತಾರೆ. ಪಾರ್ಟ್ ಬರುವ ತನಕ ಗಾಡಿ ನಿಂತಿರುತ್ತೆ, ಕಂತು ನಿಂತಿರಲ್ಲ.

ನನ್ನದು ಸ್ವಂತ ಗಾಡಿ. ಸೈಲೆನ್ಸರ್ ಲೈನಿನ ಸೆನ್ಸರ್ ತಕರಾರುಗಳನ್ನು ಈಗ ಬಹುಮಟ್ಟಿಗೆ ನಾನೇ ನೋಡಿಕೊಳ್ಳುತ್ತೇನೆ. ಬಸ್ ಸ್ಟ್ಯಾಂಡ್ ಹಿಂದೆ ಅಂಗಡಿ ಇಟ್ಟಿರುವ ಹಳೆಯ ಆಟೋ ಎಲೆಕ್ಟ್ರಿಷಿಯನ್ ಭಾಯ್ ಹೇಳಿಕೊಟ್ಟ ಪಾಠವೇ ಅರ್ಧ. ಅವರ ಮೊದಲ ಪಾಠ ಸ್ಕ್ಯಾನರ್ ತೋರಿಸುವ ಕೋಡ್, ಅಂದರೆ ತಕರಾರಿನ ನಂಬರಿನ ಬಗ್ಗೆ: ‘ಕೋಡ್ ಹೇಳೋದು ಯಾವ ದಾರಿ ಕೆಟ್ಟಿದೆ ಅಂತ ಕಣಪ್ಪಾ, ಯಾವ ಪಾರ್ಟ್ ಕೆಟ್ಟಿದೆ ಅಂತಲ್ಲ. ದಾರೀಲಿ ಸೆನ್ಸರ್ ಇದೆ, ಕಪ್ಲರ್ ಇದೆ, ಮೂರು ಮೀಟರ್ ವೈರ್ ಇದೆ, ಇಸಿಯು ಇದೆ.’ ಕಪ್ಲರ್ ಅಂದರೆ ವೈರ್ ಜೋಡಿಸುವ ಪ್ಲಗ್, ಇಸಿಯು ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್.

2020ರ ಏಪ್ರಿಲ್ 1ರಿಂದ ಬಿಎಸ್6 ಕಡ್ಡಾಯವಾದ ಮೇಲೆ ಡೀಸೆಲ್ ಗಾಡಿಗಳ ಸೈಲೆನ್ಸರ್ ಬರೀ ಸದ್ದು ಅಡಗಿಸುವ ಡಬ್ಬವಾಗಿ ಉಳಿದಿಲ್ಲ. ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಅದರೊಳಗೇ ಬಂತು. ಫಿಲ್ಟರ್ ತುಂಬುತ್ತಾ ಬಂದ ಹಾಗೆ ಇಂಜಿನ್ ಹೆಚ್ಚುವರಿ ಡೀಸೆಲ್ ಹಾಯಿಸಿ, ಒಳಗಿನ ಬಿಸಿಯನ್ನು 600 ಡಿಗ್ರಿ ಹತ್ತಿರಕ್ಕೆ ಏರಿಸಿ, ಮಸಿಯನ್ನು ಸುಡುತ್ತೆ. ರೀಜನರೇಷನ್ ಅನ್ನುವುದು ಇದಕ್ಕೇ. ಬಿಸಿ ಎಷ್ಟಾಯಿತು ಅಂತ ಹೇಳಲು ಟೆಂಪರೇಚರ್ ಸೆನ್ಸರ್‌ಗಳಿವೆ, ನನ್ನ ಗಾಡಿಯಲ್ಲಿ ಮೂರು. ಫಿಲ್ಟರ್ ಎಷ್ಟು ತುಂಬಿದೆ ಅಂತ ಹೇಳಲು ಎರಡು ಪೈಪಿನ ಪ್ರೆಷರ್ ಸೆನ್ಸರ್ ಇದೆ. ಇವುಗಳಲ್ಲಿ ಒಂದರ ಮಾತು ನಂಬುವಂತಿಲ್ಲ ಅಂತಾದರೆ ಇಸಿಯು ಸುಡುವ ಕೆಲಸವನ್ನೇ ನಿಲ್ಲಿಸಿಬಿಡುತ್ತೆ. ಬಿಸಿ ಎಷ್ಟಿದೆ ಅಂತ ಗೊತ್ತಿಲ್ಲದೆ ಡೀಸೆಲ್ ಹಾಯಿಸಿದರೆ ಫಿಲ್ಟರ್ ಕರಗಿಹೋಗಬಹುದು, ಅದಕ್ಕೆ. ಸುಡುವುದು ನಿಂತರೆ ಮಸಿ ಕೂರುತ್ತಲೇ ಹೋಗುತ್ತೆ. ‘ಲೈಟ್ ತಾನೆ, ಸೀಸನ್ ಮುಗಿಲಿ’ ಅಂತ ಓಡಿಸಿದವರು ಕೊನೆಗೆ ಇಡೀ ಫಿಲ್ಟರ್ ಬದಲಿಸಿದ್ದನ್ನು ಕಂಡಿದ್ದೇನೆ. ಸೆನ್ಸರ್‌ನ ಬೆಲೆ ಅದರ ಮುಂದೆ ಏನೂ ಅಲ್ಲ.

ನಮ್ಮ ಓಡಾಟವೂ ಈ ಫಿಲ್ಟರಿಗೆ ಒಗ್ಗುವಂಥದ್ದಲ್ಲ. ತೋಟದಿಂದ ಮಂಡಿಗೆ ಹತ್ತು ಹನ್ನೆರಡು ಕಿಲೋಮೀಟರ್, ಆಮೇಲೆ ಕ್ಯೂನಲ್ಲಿ ಇಂಜಿನ್ ಆನ್ ಇಟ್ಟು ನಿಲ್ಲುವುದು. ಸೈಲೆನ್ಸರ್ ಬಿಸಿಯಾಗುವಷ್ಟರಲ್ಲಿ ಕೀ ತೆಗೆದಿರುತ್ತೇವೆ. ಬೆಂಗಳೂರಿಗೆ ಲೋಡ್ ಸಿಕ್ಕರೆ ನರಸಾಪುರ, ಹೊಸಕೋಟೆ ತನಕ ಹೈವೇಯಲ್ಲಿ ಒಂದೇ ವೇಗದಲ್ಲಿ ಓಡುವುದರಿಂದ ಅಷ್ಟರಮಟ್ಟಿಗೆ ಒಳ್ಳೆಯದು.

ಮೊದಲು ತೊಂದರೆ ಕೊಟ್ಟದ್ದು ಡಿಪಿಎಫ್ ಹತ್ತಿರದ ಟೆಂಪರೇಚರ್ ಸೆನ್ಸರ್. ಕೋಡ್ ಪಿ2033, ಅಂದರೆ ಎರಡನೇ ಟೆಂಪರೇಚರ್ ಸೆನ್ಸರ್‌ನ ಸರ್ಕ್ಯೂಟ್ ‘ಹೈ’. ಬಿಸಿ ಹೆಚ್ಚಾಗಿದೆ ಅಂತ ಇದರ ಅರ್ಥ ಅಲ್ಲ. ಇಸಿಯುಗೆ ಬರುವ ವೋಲ್ಟೇಜ್ ಹೆಚ್ಚಿದೆ, ಅಂದರೆ ಎಲ್ಲೋ ವೈರ್ ಬಿಟ್ಟುಕೊಂಡಿದೆ, ಇಲ್ಲವೇ ಸೆನ್ಸರ್ ಒಳಗೇ ತುಂಡಾಗಿದೆ. ವರ್ಕ್‌ಶಾಪಿನವರ ಎಸ್ಟಿಮೇಟ್ ಜೇಬಲ್ಲಿಟ್ಟುಕೊಂಡು ವಾಪಸ್ ಬಂದೆ.

ಬೆಳಗಿನ ಜಾವ, ರಾತ್ರಿಯಿಡೀ ನಿಂತು ತಣ್ಣಗಾದ ಗಾಡಿಗೆ ಮಾಡುವ ಪರೀಕ್ಷೆ ಎಲ್ಲಕ್ಕಿಂತ ಸುಲಭ. ಸ್ಟೇರಿಂಗ್ ಕೆಳಗಿನ ಪೋರ್ಟಿಗೆ ಬ್ಲೂಟೂತ್ ಒಬಿಡಿ ಡಾಂಗಲ್ (ಇಸಿಯು ಡೇಟಾವನ್ನು ಫೋನಿಗೆ ಕಳಿಸುವ ಚಿಕ್ಕ ಸಾಧನ) ಹಾಕಿ, ಇಗ್ನಿಷನ್ ಆನ್ ಮಾಡಿ, ಇಂಜಿನ್ ಸ್ಟಾರ್ಟ್ ಮಾಡದೆ ಫೋನಿನಲ್ಲಿ ಲೈವ್ ಡೇಟಾ ನೋಡಬೇಕು. ಆ ಹೊತ್ತಿನಲ್ಲಿ ಸೈಲೆನ್ಸರ್ ಸೆನ್ಸರ್‌ಗಳು, ಕೂಲೆಂಟ್, ಒಳಬರುವ ಗಾಳಿ ಎಲ್ಲವೂ ಹೆಚ್ಚುಕಡಿಮೆ ಒಂದೇ ಡಿಗ್ರಿ ತೋರಿಸಬೇಕು. (ಸಾದಾ ಆಪ್‌ಗಳಲ್ಲಿ ಎಲ್ಲ ಗಾಡಿಯ ಸೈಲೆನ್ಸರ್ ರೀಡಿಂಗ್ ಕಾಣಲ್ಲ. ನನ್ನದರಲ್ಲಿ ಕಾಣುತ್ತೆ, ಅದು ನನ್ನ ಪುಣ್ಯ.) ಉಳಿದೆಲ್ಲ 24ರ ಆಜುಬಾಜು ಇದ್ದವು. ಎರಡನೆಯದು ಮಾತ್ರ ಸಾವಿರದ ಹತ್ತಿರ ಹಾರುತ್ತಿತ್ತು, ಮತ್ತೆ ತಾನಾಗಿಯೇ 24ಕ್ಕೆ ಇಳಿಯುತ್ತಿತ್ತು. ನನಗೆ ಅನುಮಾನ ಬಂದದ್ದು ಅಲ್ಲೇ. ಪೂರ್ತಿ ಸತ್ತ ಸೆನ್ಸರ್ ಹೀಗೆ ಹೋಗಿ ಬಂದು ಮಾಡುವುದು ಕಡಿಮೆ, ವೈರ್ ಮಾಡುತ್ತೆ.

ಗಾಡಿಯನ್ನು ಮಟ್ಟಸ ಜಾಗದಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಕೆಳಗೆ ನುಗ್ಗಿದೆ. ಕಪ್ಲರ್ ಬಿಚ್ಚಿ ಸೆನ್ಸರ್ ಕಡೆಯ ಎರಡು ಪಿನ್‌ಗಳಿಗೆ ಮಲ್ಟಿಮೀಟರ್ ಹಿಡಿದೆ. ಇಂಥ ಗಾಡಿಗಳಲ್ಲಿ ಸಾಮಾನ್ಯವಾಗಿ ಇರುವುದು ಪ್ಲಾಟಿನಂನ ಪಿಟಿ200 ಜಾತಿ. ಸೊನ್ನೆ ಡಿಗ್ರಿಯಲ್ಲಿ ಅದರ ರೆಸಿಸ್ಟೆನ್ಸ್ 200 ಓಮ್, ಬಿಸಿ ಏರಿದಂತೆ ಓಮ್ ಏರುತ್ತೆ. 24 ಡಿಗ್ರಿಗೆ 218ರ ಆಸುಪಾಸು ಬರಬೇಕು, ಮೀಟರ್ ಅದನ್ನೇ ತೋರಿಸಿತು. ತುದಿ ಇರುವ ಕಡೆ ಪೈಪಿಗೆ ಹೇರ್ ಡ್ರೈಯರ್ ಹಿಡಿದರೆ ನಿಧಾನವಾಗಿ ಏರಿತು, ಮಧ್ಯೆ ಎಲ್ಲೂ ಜಿಗಿಯಲಿಲ್ಲ. ಅಲ್ಲಿಗೆ ಸೆನ್ಸರ್ ನಿರಪರಾಧಿ. ಕೆಲವು ಗಾಡಿಗಳಲ್ಲಿ ಥರ್ಮಿಸ್ಟರ್ ಜಾತಿಯದು ಇರುತ್ತೆ, ಅದರಲ್ಲಿ ಬಿಸಿ ಏರಿದರೆ ಓಮ್ ಇಳಿಯುತ್ತೆ. ಹಾಗಾಗಿ ಪಾರ್ಟ್ ನಂಬರ್ ನೋಡದೆ ಓಮ್ ಲೆಕ್ಕ ಹಿಡಿಯಬೇಡಿ.

ಇನ್ನು ಗಾಡಿ ಕಡೆಯ ಕಪ್ಲರ್. ಇಗ್ನಿಷನ್ ಆನ್‌ನಲ್ಲಿ ಆ ಎರಡು ಪಿನ್‌ಗಳ ನಡುವೆ 5 ವೋಲ್ಟ್ ಹತ್ತಿರ ಬರಬೇಕು. ನನಗೆ ಬಂತು, ವೈರ್ ಅಲುಗಿಸಿದರೆ ಹೋಯಿತು. ಇನ್ನೊಂದು ಪರೀಕ್ಷೆ ಭಾಯ್ ಹೇಳಿಕೊಟ್ಟದ್ದು. ಆ ಎರಡು ಪಿನ್‌ಗಳನ್ನು ಸಣ್ಣ ತಂತಿಯಿಂದ ಸೇರಿಸಿದರೆ ಕೋಡ್ ‘ಹೈ’ನಿಂದ ‘ಲೋ’ಗೆ, ಅಂದರೆ ಪಿ2032ಕ್ಕೆ ತಿರುಗಬೇಕು. ತಿರುಗಿದರೆ ವೈರೂ ಇಸಿಯುವೂ ಸರಿ, ತಪ್ಪು ಸೆನ್ಸರಿನದ್ದು. ತಿರುಗದಿದ್ದರೆ ತಪ್ಪು ಇರುವುದು ದಾರಿಯಲ್ಲಿ. ಇದನ್ನು ಎರಡು ವೈರಿನ ಟೆಂಪರೇಚರ್ ಸೆನ್ಸರಿಗೆ ಮಾತ್ರ ಮಾಡಿ. ಮೂರು ವೈರಿನ ಪ್ರೆಷರ್ ಸೆನ್ಸರ್ ಕಪ್ಲರಿನಲ್ಲಿ ಹೀಗೆ ಮಾಡಲು ಹೋಗಿ 5 ವೋಲ್ಟನ್ನು ಅರ್ತ್‌ಗೆ ಸೇರಿಸಿದರೆ ಬೇರೆ ಸೆನ್ಸರ್‌ಗಳೂ ಒಟ್ಟಿಗೆ ಮಲಗುತ್ತವೆ.

ವೈರ್ ತುಂಡಾಗಿದ್ದ ಜಾಗ ಸಿಕ್ಕಿದ್ದು ಗೇರ್‌ಬಾಕ್ಸ್ ಹಿಂದೆ, ಚಾಸಿಗೆ ಹಾರ್ನೆಸ್ (ವೈರ್‌ಗಳ ಕಟ್ಟು) ಹಿಡಿಸಿದ್ದ ಕ್ಲಿಪ್ಪಿನ ಪಕ್ಕ. ಕ್ಲಿಪ್ ಕಿತ್ತುಬಂದಿತ್ತು. ಪ್ರೊಪೆಲ್ಲರ್ ಶಾಫ್ಟಿನಲ್ಲಿ ಒಣಗಿ ಹಗ್ಗವಾಗಿದ್ದ ಹುರುಳಿ ಬಳ್ಳಿ ಇನ್ನೂ ಸುತ್ತಿಕೊಂಡೇ ಇತ್ತು. ಡಿಸೆಂಬರ್, ಜನವರಿಯಲ್ಲಿ ನಮ್ಮ ಕಡೆ ರಸ್ತೆ ಮೇಲೇ ಒಕ್ಕಣೆ. ರಾಗಿ ತೆನೆಯಾದರೆ ಅಷ್ಟು ತೊಂದರೆ ಇಲ್ಲ, ಹುರುಳಿ ಬಳ್ಳಿ ಮಾತ್ರ ಶಾಫ್ಟಿಗೆ ಸುತ್ತಿಕೊಂಡು ಸಿಕ್ಕಿದ್ದನ್ನೆಲ್ಲ ಎಳೆಯುತ್ತೆ. ಬಿಸಿ ಸೈಲೆನ್ಸರಿಗೆ ತಾಗಿ ಗಾಡಿಗಳೇ ಹೊತ್ತಿಕೊಂಡು ಉರಿದದ್ದೂ ಉಂಟು, ಅದರಲ್ಲೂ ರೀಜನರೇಷನ್ ನಡೆಯುವಾಗ ಆ ಭಾಗ ಕೆಂಡ. ಒಕ್ಕಣೆ ಹಾಸಿದ ರಸ್ತೆ ದಾಟಿದ ಮೇಲೆ ಗಾಡಿ ಪಕ್ಕಕ್ಕೆ ಹಾಕಿ ಕೆಳಗೆ ಇಣುಕುವುದು ಈಗ ನನಗೆ ಅಭ್ಯಾಸ.

ಆ ವೈರಿನ ಹೊರಗಿನ ಪ್ಲಾಸ್ಟಿಕ್ ಎಲ್ಲೂ ಹರಿದಿರಲಿಲ್ಲ. ಕಣ್ಣಿಗೆ ಏನೂ ಕಾಣಲ್ಲ. ಎರಡು ಬೆರಳಲ್ಲಿ ಹಿಡಿದು ಇಂಚಿಂಚು ಬಗ್ಗಿಸುತ್ತಾ ಹೋದರೆ ಒಂದು ಜಾಗದಲ್ಲಿ ಮಾತ್ರ ನೂಲಿನ ಹಾಗೆ ಮೆತ್ತಗೆ ಮಡಿಚಿಕೊಂಡಿತು. ಒಳಗಿನ ತಾಮ್ರ ತುಂಡಾಗಿತ್ತು. ಅಷ್ಟು ಭಾಗ ಕತ್ತರಿಸಿ, ಅದೇ ದಪ್ಪದ ಹೊಸ ವೈರ್ ಸೇರಿಸಿದೆ. ಎರಡು ವೈರಿನ ಜಾಯಿಂಟ್‌ಗಳು ಅಕ್ಕಪಕ್ಕ ಬರದಂತೆ ಹಿಂದೆ ಮುಂದೆ ಮಾಡಿ, ಒಳಗೆ ಗಮ್ ಇರುವ ಹೀಟ್ ಶ್ರಿಂಕ್ ಸ್ಲೀವ್ ಎಳೆದು, ಮೇಲೆ ಗ್ಲಾಸ್ ಫೈಬರ್ ಸ್ಲೀವ್ ತೊಡಿಸಿದೆ. ಇನ್ಸುಲೇಷನ್ ಟೇಪ್ ಸುತ್ತಿ ಬಿಟ್ಟರೆ ಸೈಲೆನ್ಸರ್ ಕಾವಿಗೆ ಅಂಟು ಕರಗಿ ಸುರುಳಿ ಬಿಚ್ಚಿಕೊಳ್ಳುತ್ತೆ. ಕೊನೆಗೆ ಹಾರ್ನೆಸನ್ನು ಸ್ವಲ್ಪ ಸಡಿಲ ಬಿಟ್ಟು ಚಾಸಿಯ ಒಳಬದಿಗೆ ಕಟ್ಟಿದೆ, ಬಳ್ಳಿಗೆ ಸಿಗದ ಹಾಗೆ. ಕೋಡ್ ಅಳಿಸಿದೆ. ಅದು ಮತ್ತೆ ಬಂದಿಲ್ಲ.

ಸೆನ್ಸರೇ ನಿಜವಾಗಿ ಸತ್ತದ್ದು ಆಮೇಲಿನ ಮಳೆಗಾಲದಲ್ಲಿ, ಈ ಸಲ ಮೂರನೆಯದು. ಪಿನ್‌ಗಳ ನಡುವೆ ಮೀಟರ್ ಏನೂ ತೋರಿಸಲಿಲ್ಲ, ಪೂರ್ತಿ ಓಪನ್. ಪಾರ್ಟ್ ತರುವುದು ಸುಲಭ, ಹಳೆಯದನ್ನು ಬಿಚ್ಚುವುದೇ ಕಷ್ಟ. ಬೆಂಕಿ, ನೀರು ಎರಡನ್ನೂ ತಿಂದ ಥ್ರೆಡ್ ಅದು. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಟ್ಟೆ. ಬೆಳಿಗ್ಗೆ ಇಂಜಿನ್ ಸ್ವಲ್ಪ ಓಡಿಸಿ, ಸೈಲೆನ್ಸರ್ ಕೈ ಸುಡದ, ಆದರೆ ಬೆಚ್ಚಗಿರುವ ಹದಕ್ಕೆ ಬಂದಾಗ, ಪಕ್ಕದಲ್ಲಿ ಸೀಳು ಇರುವ ಸಾಕೆಟ್ ಹಾಕಿದೆ. ವೈರ್ ಆ ಸೀಳಿನಲ್ಲಿ ಹೊರಬರುತ್ತೆ, ತಿರುಚಿಕೊಳ್ಳಲ್ಲ. ಕಾಲು ಸುತ್ತು ಬಿಚ್ಚು, ಸ್ವಲ್ಪ ವಾಪಸ್ ಬಿಗಿ, ಮತ್ತೆ ಸ್ಪ್ರೇ, ಮತ್ತೆ ಬಿಚ್ಚು. ಒಂದೇ ಏಟಿಗೆ ಎಳೆದರೆ ನಟ್ ತುಂಡಾಗಿ ಬುಡ ಒಳಗೇ ಉಳಿದು, ಕೆಲಸ ಲೇತ್ ಅಂಗಡಿಗೆ ಹೋಗುತ್ತೆ. ಹೊಸದನ್ನು ಹಾಕುವಾಗ ಹೆಚ್ಚು ಕಾವು ತಡೆಯುವ ಆಂಟಿ ಸೀಜ್ ಪೇಸ್ಟನ್ನು ಥ್ರೆಡ್ಡಿಗೆ ಮಾತ್ರ ತೆಳುವಾಗಿ ಸವರಬೇಕು, ತುದಿಗೆ ತಾಗಬಾರದು. ಅಗ್ಗದ ಡೂಪ್ಲಿಕೇಟ್‌ನಲ್ಲಿ ತುದಿಯ ಉದ್ದವೇ ಬೇರೆ ಇರುತ್ತೆ. ಗಿಡ್ಡ ತುದಿ ಪೈಪಿನ ಅಂಚಿನ ಕಾವು ಹೇಳುತ್ತೆ, ನಡುವಿನ ಕಾವು ಹೇಳಲ್ಲ.

ಪ್ರೆಷರ್ ಸೆನ್ಸರ್ ವಿಷಯವೇ ಬೇರೆ. ಅದರ ಕೋಡ್‌ಗಳು ಪಿ2452ರಿಂದ ಪಿ2455. ಅಲ್ಲಿ ನಾನು ಮೊದಲು ಕೈ ಹಾಕುವುದು ಸೆನ್ಸರಿಗಲ್ಲ, ಪೈಪುಗಳಿಗೆ. ಫಿಲ್ಟರಿನ ಮುಂದಿನಿಂದ ಒಂದು, ಹಿಂದಿನಿಂದ ಒಂದು ಸಣ್ಣ ಪೈಪ್ ಬಂದು ಸೆನ್ಸರಿಗೆ ಕೂಡುತ್ತವೆ. ಕಾವಿಗೆ ರಬ್ಬರ್ ಸೀಳುತ್ತೆ, ಇಲ್ಲವೇ ಮಸಿ ಮತ್ತು ನೀರು ಸೇರಿ ಕಬ್ಬಿಣದ ಭಾಗದೊಳಗೆ ಗಟ್ಟಿಯಾಗಿ ಕೂರುತ್ತೆ. ಮುಂದಿನ ಪೈಪ್ ಸೀಳಿದರೆ ತುಂಬಿದ ಫಿಲ್ಟರೂ ಖಾಲಿ ಅಂತ ಕಾಣುತ್ತೆ. ಇಂಜಿನ್ ಆಫ್, ಇಗ್ನಿಷನ್ ಆನ್ ಇದ್ದಾಗ ರೀಡಿಂಗ್ ಸೊನ್ನೆ ಇರಬೇಕು, ಇಲ್ಲದಿದ್ದರೆ ಸೆನ್ಸರ್ ಮೇಲೆ ಅನುಮಾನ ಪಡಬಹುದು. ಐಡ್ಲಿಂಗ್‌ನಲ್ಲಿ ತೀರಾ ಸ್ವಲ್ಪ, ರೇಸ್ ಕೊಟ್ಟಂತೆ ಏರಿ, ಬಿಟ್ಟಾಗ ಇಳಿಯಬೇಕು. ಮೈನಸ್ ತೋರಿಸಿದರೆ ಯಾರೋ ಪೈಪ್ ಅದಲು ಬದಲು ಹಾಕಿದ್ದಾರೆ. ನನ್ನದರಲ್ಲಿ ರೇಸ್ ಕೊಟ್ಟರೂ ರೀಡಿಂಗ್ ಅಲುಗಲಿಲ್ಲ. ಪೈಪ್ ಕಳಚಿ, ಮುಂದಿನ ನಿಪ್ಪಲ್ಲಿಗೆ ಶುದ್ಧವಾದ ಟ್ಯೂಬ್ ಹಾಕಿ ಬಾಯಲ್ಲಿ ಮೆಲ್ಲಗೆ ಊದಿದೆ, ಫೋನಿನಲ್ಲಿ ಅಂಕಿ ಏರಿತು. ಸೆನ್ಸರ್ ಸರಿ ಇದೆ, ಕಟ್ಟಿಕೊಂಡಿರುವುದು ದಾರಿ. ಹಳೆಯ ಕ್ಲಚ್ ಕೇಬಲ್ಲಿನ ಒಳತಂತಿ ತೂರಿಸಿ ಕಬ್ಬಿಣದ ಪೈಪ್ ಬಿಡಿಸಿದೆ, ಕರಿಯ ಮುದ್ದೆ ಹೊರಬಂತು. ಕಂಪ್ರೆಸರ್ ಗಾಳಿ ಹೊಡೆಯುವುದಾದರೆ ಸೆನ್ಸರಿನಿಂದ ಪೈಪ್ ಕಳಚಿದ ಮೇಲೇ, ಫಿಲ್ಟರಿನ ಕಡೆಗೇ. ಸೆನ್ಸರ್ ಕಡೆಗೆ ಹೊಡೆದರೆ ಒಳಗಿನ ಪೊರೆ ಅಲ್ಲಿಗೇ ಖತಂ. ಹೊಸ ಪೈಪ್ ಕಾವು ತಡೆಯುವ ಸಿಲಿಕೋನಿನದ್ದೇ ಆಗಲಿ, ಡೀಸೆಲ್ ಪೈಪಿನ ತುಂಡು ಬೇಡ. ಸೆನ್ಸರಿನಿಂದ ಕೆಳಕ್ಕೆ ಇಳಿಜಾರಾಗಿಯೇ ಬರಬೇಕು, ಮಧ್ಯೆ ಜೋತುಬಿದ್ದರೆ ನೀರು ನಿಲ್ಲುತ್ತೆ. ಸೆನ್ಸರೇ ಬದಲಿಸಿದರೆ ಸ್ಕ್ಯಾನರಿನಲ್ಲಿ ಹೊಸ ಸೆನ್ಸರ್ ಹಾಕಿದೆ ಅಂತ ರೀಸೆಟ್ ಮಾಡಿಸಬೇಕು.

ಹೊಗೆ ಶುದ್ಧ ಮಾಡಲು ಯೂರಿಯಾ ಹಾಕುವ ಗಾಡಿಗಳಲ್ಲಿ, ಹೊಗೆಯಲ್ಲಿನ ನೈಟ್ರೋಜನ್ ಆಕ್ಸೈಡ್ ಅಳೆಯುವ ನಾಕ್ಸ್ ಸೆನ್ಸರ್ ಅಂತ ಇನ್ನೊಂದಿದೆ. ನನ್ನ ಗಾಡಿಯಲ್ಲಿ ಯೂರಿಯಾ ಟ್ಯಾಂಕ್ ಇಲ್ಲ, ಆದ್ದರಿಂದ ಹೆಚ್ಚು ಹೇಳಲ್ಲ. ಅದಕ್ಕೆ ಅದರದ್ದೇ ಚಿಕ್ಕ ಕಂಟ್ರೋಲ್ ಬಾಕ್ಸ್ ವೈರಿನೊಂದಿಗೇ ಸೇರಿ ಬರುತ್ತೆ, ಮಧ್ಯೆ ಕತ್ತರಿಸಿ ಜೋಡಿಸುವಂತಿಲ್ಲ. ಫ್ಯೂಸ್ ಮತ್ತು ಸಪ್ಲೈ ಪರೀಕ್ಷಿಸುವ ತನಕ ಮಾತ್ರ ನಮ್ಮ ಕೆಲಸ. ಸೈಲೆನ್ಸರ್ ಬಿಸಿ ಇರುವಾಗ ವಾಟರ್ ಸರ್ವಿಸ್ ಮಾಡಿಸಬೇಡಿ, ಒಳಗಿನ ಸೆರಾಮಿಕ್ ಬಿರುಕು ಬಿಡುತ್ತೆ.

ಇಷ್ಟೆಲ್ಲ ಯಾಕೆ, ಒಳಗಿನ ಫಿಲ್ಟರ್ ಕುಟ್ಟಿ ತೆಗೆದು, ಲೈಟ್ ಬರದ ಹಾಗೆ ಇಸಿಯುಗೆ ಬೇರೆ ಸಾಫ್ಟ್‌ವೇರ್ ಹಾಕಿಬಿಡೋಣ ಅಂತ ಹೇಳುವವರು ಮಂಡಿ ಹೊರಗೇ ಸಿಗುತ್ತಾರೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿನ್ಯಾಸ ಹೀಗೆ ಬದಲಿಸುವಂತಿಲ್ಲ. ಕಾನೂನಿನ ಮಾತು ಪಕ್ಕಕ್ಕಿರಲಿ, ಆ ಹೊಗೆ ಕುಡಿಯುವುದು ಕ್ಯೂನಲ್ಲಿ ನನ್ನ ಹಿಂದೆ ನಿಂತವನು, ಅವನ ಹೊಗೆ ಕುಡಿಯುವವನು ನಾನು. ಮಾರುವಾಗ, ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟ್‌ಗೆ) ಹೋದಾಗ ಬೇರೆ ತಲೆನೋವು.

ಸೆನ್ಸರ್ ಸರಿಯಾಯಿತು ಅಂತ ತಕ್ಷಣ ಲೋಡ್ ಹಾಕಬೇಡಿ. ತೊಂದರೆ ಇದ್ದಷ್ಟು ದಿನ ಕೂತ ಮಸಿ ಒಳಗೇ ಇರುತ್ತೆ. ಸ್ವಲ್ಪವಿದ್ದರೆ ಹೈವೇಯಲ್ಲಿ ಕೆಳಗಿನ ಗೇರಿನಲ್ಲಿ, 2,000ಕ್ಕಿಂತ ಮೇಲಿನ ಆರ್‌ಪಿಎಂನಲ್ಲಿ ಅರ್ಧ ಗಂಟೆ ಓಡಿಸಿದರೆ ಸುಟ್ಟುಹೋಗುತ್ತೆ. ಐಡ್ಲಿಂಗ್ ಏರುವುದು, ಫ್ಯಾನ್ ಜೋರಾಗುವುದು, ಬಿಸಿ ಲೋಹದ ವಾಸನೆ ಇವೆಲ್ಲ ಸುಡುತ್ತಿರುವ ಗುರುತು, ಆಗ ಕೀ ತೆಗೆಯಬೇಡಿ. ಹೆಚ್ಚು ಕೂತಿದ್ದರೆ ವರ್ಕ್‌ಶಾಪಿನಲ್ಲಿ ಸ್ಕ್ಯಾನರಿನಿಂದ ಗಾಡಿ ನಿಲ್ಲಿಸಿಯೇ ಸುಡಿಸಬೇಕು, ಬಯಲಲ್ಲಿ, ಹುಲ್ಲಿಲ್ಲದ ನೆಲದಲ್ಲಿ.

ಅದಕ್ಕೂ ಮುಂಚೆ ಡಿಪ್‌ಸ್ಟಿಕ್ ಎಳೆದು ನೋಡಿ. ಸುಡುವ ಕೆಲಸ ಮತ್ತೆ ಮತ್ತೆ ಅರ್ಧಕ್ಕೆ ನಿಂತಿದ್ದರೆ ಹೆಚ್ಚುವರಿ ಡೀಸೆಲ್ ಸಿಲಿಂಡರ್ ಗೋಡೆಯಿಂದ ಇಳಿದು ಆಯಿಲ್‌ಗೆ ಸೇರಿರುತ್ತೆ. ಆಯಿಲ್ ಕಡಿಮೆಯಾಗುವ ಬದಲು ಮೇಲಿನ ಗೆರೆ ದಾಟಿರುತ್ತೆ, ಮೂಸಿದರೆ ಡೀಸೆಲ್ ವಾಸನೆ. ಹಾಗಿದ್ದರೆ ಆಯಿಲ್ ಮತ್ತು ಆಯಿಲ್ ಫಿಲ್ಟರ್ ಬದಲಿಸಿಯೇ ಮುಂದಿನ ಕೆಲಸ. ಡಿಪಿಎಫ್ ಗಾಡಿಗೆ ಅಂತಲೇ ಬರುವ ಲೋ ಆಶ್ ಆಯಿಲ್ ಕೇಳಿ ತೆಗೆದುಕೊಳ್ಳಿ, ಡಬ್ಬದ ಮೇಲಿನ ಗ್ರೇಡನ್ನು ಗಾಡಿಯ ಪುಸ್ತಕದ ಜೊತೆ ತಾಳೆ ನೋಡಿ. ಮಸಿಯನ್ನು ಸುಡಬಹುದು, ಆಯಿಲ್ ಉರಿದು ಉಳಿಯುವ ಬೂದಿಯನ್ನು ಯಾವ ರೀಜನರೇಷನ್ನೂ ಸುಡಲ್ಲ.