ಶಾಲೆಯ ಮಾಡು ಸೋರಿದರೆ ಮನವಿ ಬರೆಯುವ ಕ್ರಮ

ಉಡುಪಿ ಜಿಲ್ಲೆಯ ಹಳ್ಳಿಗಳ ಹಂಚಿನ ಮಾಡಿನ (ಛಾವಣಿಯ) ಸರಕಾರಿ ಶಾಲೆಗಳಲ್ಲಿ ಮಾಡನ್ನು ಹೊರುವ ಮರದ ಪಕ್ಕಾಸಿಗೆ ಗೆದ್ದಲು ಹಿಡಿದದ್ದು ಕಣ್ಣಿಗೆ ಬೀಳುವುದು ಜೂನ್ ಮಳೆಯಲ್ಲಿ. ಆಗ ಬರೆದ ಮನವಿಯು ಅಂದಾಜುಪಟ್ಟಿ, ಮಂಜೂರಾತಿಗಳನ್ನು ದಾಟುವಷ್ಟರಲ್ಲಿ ಮಾರ್ಚ್ 31 ಬಂದು ಆರ್ಥಿಕ ವರ್ಷವೇ ಮುಗಿದಿರುತ್ತದೆ. ಆದ್ದರಿಂದ ಮಳೆಗೆ ಕಾಯದೆ ಹಿಂದಿನ ದೀಪಾವಳಿಯ ಹೊತ್ತಿಗೇ ಮಾಡು ಹತ್ತಿ ನೋಡಿಸಬೇಕು.

ಮೊದಲು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆ ಕರೆದು, ನಿರ್ಣಯವನ್ನು ನಡಾವಳಿ ಪುಸ್ತಕದಲ್ಲಿ ಬರೆದು, ಸದಸ್ಯರ ಸಹಿ ಪಡೆಯಿರಿ.

ಹೆಚ್ಚಿನವರು ಎಡವುವುದು ಎರಡನೆಯ ಹಂತವಾದ ಮನವಿಯಲ್ಲಿ. 'ಶಾಲೆ ಶಿಥಿಲವಾಗಿದೆ' ಎಂಬ ಒಂದೇ ಒಕ್ಕಣೆಯ ಪತ್ರವನ್ನು ಸಚಿವರಿಂದ ಹಿಡಿದು ಎಲ್ಲರಿಗೂ ಕಳುಹಿಸಿದರೆ, ಅದು 'ಸೂಕ್ತ ಕ್ರಮಕ್ಕಾಗಿ' ಎಂಬ ಷರಾ ಹೊತ್ತು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೇ ಇಳಿದು ಬರುತ್ತದೆ. ನೇರವಾಗಿ ಅವರಿಗೇ ಬರೆಯಿರಿ. ಶಾಲೆಯ ಯುಡೈಸ್ ಸಂಖ್ಯೆ (ಸರಕಾರಿ ದಾಖಲೆಯಲ್ಲಿ ಶಾಲೆಯ ಗುರುತು ಸಂಖ್ಯೆ), ಕೋಣೆಯ ಉದ್ದಗಲ, ಹಾಳಾದ ಪಕ್ಕಾಸು ಮತ್ತು ಹಂಚು ಕೂರುವ ರೀಪುಗಳ ಲೆಕ್ಕ, ಆ ಕೋಣೆಯಲ್ಲಿ ಕೂರುವ ಮಕ್ಕಳ ಸಂಖ್ಯೆ, ದಿನಾಂಕ ಬರೆದ ಛಾಯಾಚಿತ್ರಗಳು ಇರಲಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯು ಎಲ್ಲ ಋತುಗಳಿಗೂ ತಾಳುವ ಕಟ್ಟಡವನ್ನು ಕೇಳುತ್ತದೆ ಎಂಬುದನ್ನು ಒಂದು ಸಾಲಿನಲ್ಲಿ ನೆನಪಿಸಿ. ಕಣ್ಣೀರಿನ ಸಾಲುಗಳು ಬೇಡ.

ಒಂದು ಪತ್ರಕ್ಕೆ ಒಂದೇ ವಿಷಯವಿರಬೇಕು. ಮಾಡಿನ ಕಡತ ಎಂಜಿನಿಯರರ ಕಡೆಗೂ ಶಿಕ್ಷಕರ ಕೊರತೆಯ ಕಡತ ಸಿಬ್ಬಂದಿ ಶಾಖೆಗೂ ಹೋಗುವುದರಿಂದ, ಎರಡನ್ನೂ ಬೆರೆಸಿದ ಪತ್ರ ಮೊದಲ ಮೇಜಿನಲ್ಲೇ ಉಳಿಯುತ್ತದೆ. ನಮ್ಮೂರಿನ ಮನವಿ ಹೀಗೆಯೇ ಮಾಡು, ಶೌಚಾಲಯ, ಶಿಕ್ಷಕರು ಎಲ್ಲವನ್ನೂ ಹೊತ್ತು ಹೋಗಿ, ಎಂಟು ತಿಂಗಳ ಬಳಿಕ 'ಸ್ಪಷ್ಟ ವಿವರ ಸಲ್ಲಿಸಿ' ಎಂಬ ಒಂದು ಸಾಲಿನೊಂದಿಗೆ ಮರಳಿತು. ಜೆರಾಕ್ಸ್ ಅಂಗಡಿಯ ಸಿದ್ಧ ನಮೂನೆಯನ್ನಂತೂ ಮುಟ್ಟಬೇಡಿ.

ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯ ಟಪಾಲು ಶಾಖೆಯಲ್ಲಿ ಪತ್ರ ಕೊಟ್ಟು, ನಿಮ್ಮ ಪ್ರತಿಗೆ ಮುದ್ರೆ ಹಾಗೂ ಸ್ವೀಕೃತಿ ಸಂಖ್ಯೆ ಪಡೆಯಿರಿ.

ಈ ನಡುವೆ ದಾನಿಗಳು ತಗಡಿನ ಶೀಟು ಕೊಡಲು ಮುಂದೆ ಬಂದರೆ ನಾನಾದರೆ ಒಪ್ಪುವುದಿಲ್ಲ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆ ತಗಡಿನ ಮೇಲೆ ಸುರಿಯುವಾಗ ಎದುರು ಬೆಂಚಿನ ಮಗುವಿಗೂ ಪಾಠ ಕೇಳಿಸದು. ಹಳೆಯ ಹಂಚನ್ನೇ ಆರಿಸಿ ಹೊದಿಸುವುದು ಮೇಲು.

ಎರಡು ತಿಂಗಳಾದರೂ ಸುದ್ದಿಯಿಲ್ಲದಿದ್ದರೆ, 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಸ್ವೀಕೃತಿ ಸಂಖ್ಯೆಯನ್ನು ಕಾಣಿಸಿ, ಕಡತ ಯಾರ ಬಳಿ ಇದೆ ಎಂದಷ್ಟೇ ಕೇಳಿ. 30 ದಿನಗಳೊಳಗೆ ಉತ್ತರ ಕೊಡಬೇಕೆಂಬುದು ನಿಯಮ. ಉತ್ತರ ಬಂದ ಮೇಲೆ ಕಡತ ಹಿಡಿದಿರುವ ವಿಷಯ ನಿರ್ವಾಹಕರನ್ನು (ಗುಮಾಸ್ತರನ್ನು) ಕಾಣಲು ಪೋಷಕರೇ ಹೋಗಬೇಕು, ಮುಖ್ಯ ಶಿಕ್ಷಕರನ್ನು ಅಟ್ಟಬಾರದು. ಇಬ್ಬರೇ ಶಿಕ್ಷಕರಿರುವ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಅವರು ಕಚೇರಿಗೆ ಹೋದ ದಿನ ಐದು ತರಗತಿಗಳೂ ಒಬ್ಬರ ಪಾಲಾಗುತ್ತವೆ.