ಮಲ್ಲಿಗೆ ಕಟ್ಟುವವರ ಹತ್ರ ‘ಬದುಕು ಹೇಗುಂಟು’ ಅಂತ ಕೇಳಿದ್ದು: ನನ್ನ ಅನುಭವ

ನಾನು ಫಿಸಿಯೋಥೆರಪಿಸ್ಟ್, ಉಡುಪಿ ಸುತ್ತಮುತ್ತ ಮನೆಗೇ ಹೋಗಿ ಪೇಷಂಟ್ ನೋಡೋದು. ನರ-ಸ್ನಾಯು ಕಾಯಿಲೆಯವ್ರೇ ಜಾಸ್ತಿ, ಮಸ್ಕ್ಯುಲರ್ ಡಿಸ್ಟ್ರೋಫಿ (ಸ್ನಾಯು ವರ್ಷ ಹೋದ ಹಾಗೆ ಕ್ಷೀಣಿಸೋದು), ಮಯಸ್ತೇನಿಯಾ ಇಂಥದ್ದು, ಅಂದ್ರೆ ಪೂರ್ತಿ ವಾಸಿ ಆಗೋದಲ್ಲ, ವರ್ಷಗಟ್ಲೆ ಜೊತೆಗೇ ಇರುವಂಥದ್ದು. ಮೊದಲೆಲ್ಲ ನನ್ನ ಡೈರಿಯಲ್ಲಿ ಇದ್ದದ್ದು ಕೈಕಾಲಿನ ಶಕ್ತಿ 5ರಲ್ಲಿ ಎಷ್ಟು, 6 ನಿಮಿಷಕ್ಕೆ ಎಷ್ಟು ಮೀಟರ್ ನಡೆದ್ರು, ಅಷ್ಟೇ. ಶಕ್ತಿ ಸ್ವಲ್ಪವೂ ಕಮ್ಮಿ ಆಗದೆ ಇದ್ರೂ ಕೆಲವ್ರು ಕುಗ್ಗಿ ಹೋಗ್ತಿದ್ರು, ಶಕ್ತಿ ಪೂರ್ತಿ ಹೋದವ್ರು ನಗ್ತಾ ಮಾತಾಡ್ತಿದ್ರು, ಅದೆಲ್ಲ ಆ ಡೈರಿಯಲ್ಲಿ ಎಲ್ಲೂ ಬರ್ತಿರ್ಲಿಲ್ಲ. ಹಾಗಾಗಿ ಜೀವನದ ಗುಣಮಟ್ಟ ಅಳೆಯುವ ಪ್ರಶ್ನಾವಳಿ ಹಿಡ್ಕೊಂಡು ಹೋಗ್ಲಿಕ್ಕೆ ಶುರು ಮಾಡಿದೆ.

ಶಂಕರಪುರ ಕಡೆಯ ಒಬ್ರು ಅಮ್ಮ, ಐವತ್ತರ ಆಸುಪಾಸು, ಮಯಸ್ತೇನಿಯಾ ಗ್ರೇವಿಸ್. ನರದಿಂದ ಸ್ನಾಯುಗೆ ಸಂದೇಶ ದಾಟುವ ಜಾಗದಲ್ಲಿ ರೋಗದ ವಿರುದ್ಧ ಹೋರಾಡ್ಬೇಕಾದ ದೇಹದ ಆಂಟಿಬಾಡಿಯೇ ಅಡ್ಡ ನಿಲ್ತದೆ, ಕೆಲಸ ಮಾಡಿದಷ್ಟೂ ಸ್ನಾಯು ಸೋಲ್ತದೆ, ರೆಸ್ಟ್ ಕೊಟ್ರೆ ಪುನಃ ಬರ್ತದೆ. ಇವ್ರಿಗೆ ರೆಪ್ಪೆ ಜಾರೋದು, ಒಂದು ವಸ್ತು ಎರಡಾಗಿ ಕಾಣೋದು, ಅನ್ನ ಅಗಿತಾ ಅಗಿತಾ ದವಡೆ ಸೋಲೋದು ಎಲ್ಲ ಇತ್ತು. ಈ ಕಾಯಿಲೆಗೇ ಅಂತ ಎಂಜಿ-ಕ್ಯೂಓಎಲ್15 ಅಂತ ಒಂದು ಪ್ರಶ್ನಾವಳಿ ಉಂಟು, 15 ಪ್ರಶ್ನೆ, ಒಂದೊಂದಕ್ಕೆ 0ಯಿಂದ 4, ಒಟ್ಟು 60, ಜಾಸ್ತಿ ಬಂದಷ್ಟೂ ಕಷ್ಟ ಜಾಸ್ತಿ ಅಂತ ಲೆಕ್ಕ.

ನಾನು ಅದನ್ನ ಕೂತಲ್ಲೇ ಬಾಯಲ್ಲಿ ಕನ್ನಡ ಮಾಡಿ ಕೇಳಿದೆ, ಅದು ದೊಡ್ಡ ತಪ್ಪು. ಫ್ರಸ್ಟ್ರೇಷನ್ ಬಗ್ಗೆ ಒಂದು ಪ್ರಶ್ನೆ, ಡಿಪ್ರೆಷನ್ ಬಗ್ಗೆ ಬೇರೆ ಪ್ರಶ್ನೆ, ಎರಡಕ್ಕೂ ನನ್ನ ಬಾಯಿಂದ ಬಂದದ್ದು ‘ಬೇಜಾರು’. ನಮ್ಮಲ್ಲಿ ಬೇಜಾರು ಅಂದ್ರೆ ದುಃಖವೂ ಹೌದು, ಬೋರೂ ಹೌದು, ಸಿಟ್ಟು ನುಂಗಿಕೊಂಡದ್ದೂ ಹೌದು. ಆಗ್ಲೇ ಹೇಳಿದೆನಲ್ಲ ಅಂತ ಅವ್ರು ನನ್ನ ಮುಖ ನೋಡಿದ್ರು. ಉಳಿದ ಹೆಚ್ಚಿನದ್ದಕ್ಕೆ ‘ಅಡ್ಡಿಲ್ಲ’. ಅಡ್ಡಿಲ್ಲ ಅಂದ್ರೆ 0 ಹಾಕೋದಾ 1 ಹಾಕೋದಾ 2 ಹಾಕೋದಾ? ಮನೆಮಾತು ತುಳು ಬೇರೆ, ಕನ್ನಡದಲ್ಲಿ ಕೇಳಿದ್ದಕ್ಕೆ ಮನಸ್ಸಲ್ಲಿ ತುಳುವಿಗೆ ತಿರುಗಿಸಿ ಪುನಃ ಕನ್ನಡದಲ್ಲಿ ಉತ್ತರ ಕೊಡ್ತಿದ್ರು. ಸರಿಯಾದ ಕ್ರಮ ಅಂದ್ರೆ ಒಬ್ರು ಅನುವಾದ ಮಾಡ್ಬೇಕು, ಮೂಲ ನೋಡದ ಇನ್ನೊಬ್ರು ಅದನ್ನ ವಾಪಸ್ ಇಂಗ್ಲಿಷಿಗೆ ತಿರುಗಿಸ್ಬೇಕು, ಆಮೇಲೆ ನಾಲ್ಕಾರು ಪೇಷಂಟ್ ಹತ್ರ ಓದಿಸಿ ಎಂತ ಅರ್ಥ ಆಯ್ತು ಅಂತ ಕೇಳ್ಬೇಕು. ಅದು ತಿಂಗಳುಗಟ್ಲೆ ಹಿಡಿಯುವ ಕೆಲಸ, ಆದ್ರೆ ಅದು ಇಲ್ಲದೆ ಬಂದ ನಂಬರ್ ನನಗೆ ನಂಬ್ಲಿಕ್ಕೆ ಆಗುದಿಲ್ಲ.

ಆದ್ರೂ ಆ ದಿನ ಕೂಡಿಸಿ ನೋಡಿದೆ, ಸ್ಕೋರ್ ಒಳ್ಳೇದೇ ಇತ್ತು. ಹೇಗೆ ಅಂದ್ರೆ ಡ್ರೈವಿಂಗ್ ಕಷ್ಟವಾ, ಗಾಡಿಯೇ ಬಿಡುದಿಲ್ಲ, 0. ಹವ್ಯಾಸಕ್ಕೆ ತೊಂದರೆಯಾ, ಹವ್ಯಾಸ ಎಂತದ್ದು ನಮ್ಗೆ, 0. ಕೆಲಸಕ್ಕೆ ತೊಂದರೆಯಾ, ‘ನಾನು ಕೆಲಸಕ್ಕೆ ಹೋಗುದಿಲ್ಲ, ಮನೆಯಲ್ಲೇ’, ಅದೂ 0.

ಹೊರಡುವಾಗ ಜಗಲಿಯಲ್ಲಿ ಬಾಳೆನಾರು, ಬುಟ್ಟಿಯಲ್ಲಿ ಅರ್ಧ ಕಟ್ಟಿದ ಮಲ್ಲಿಗೆ ಕಂಡಿತು. ಆಗ ಕೇಳಿದೆ. ಒಂದು ಚೆಂಡಿಗೆ 800 ಮೊಗ್ಗು, ನಾಲ್ಕು ಚೆಂಡು ಸೇರಿದ್ರೆ ಒಂದು ಅಟ್ಟೆ, ಬೆಳಕು ಹರಿಯುವಾಗ ಕೊಯ್ದು, ಹೂ ತಕ್ಕೊಳ್ಳುವ ಕಟ್ಟೆಯವ್ರು ಬರುವ ಮೊದ್ಲು ಕಟ್ಟಿ ಆಗ್ಬೇಕು. ಮೊದಲು ಅವ್ರೊಬ್ರೇ ಅಟ್ಟೆ ಮುಗಿಸ್ತಿದ್ರಂತೆ, ಈಗ ಒಂದು ಚೆಂಡು ಆಗುವಷ್ಟರಲ್ಲಿ ನಾರು ಎರಡಾಗಿ ಕಾಣ್ತದೆ, ಯಾವುದು ನಿಜವಾದ ನಾರು ಅಂತ ಬೆರಳಲ್ಲಿ ಮುಟ್ಟಿ ನೋಡ್ಬೇಕು, ತೋಳು ಜಾರಿ ಮಡಿಲಿಗೆ ಬೀಳ್ತದೆ. ಇದನ್ನ ಹೇಳ್ತಾ ಹೇಳ್ತಾ ಅತ್ತುಬಿಟ್ರು. 15 ಪ್ರಶ್ನೆಯಲ್ಲಿ ಬಾರದ ನೀರು ಮಲ್ಲಿಗೆ ವಿಷಯಕ್ಕೆ ಬಂತು. ನನ್ನ ಶೀಟಲ್ಲಿ ‘ಕೆಲಸ: 0’ ಅಂತ ಇತ್ತು.

ಅಲ್ಲಿಂದ ಕೇಳುವ ಕ್ರಮವನ್ನೇ ಬದಲಾಯಿಸಿದೆ. ಎಸ್‌ಇಐಕ್ಯೂಓಎಲ್ ಅಂತ ಒಂದು ವಿಧಾನ ಉಂಟು, ಅದ್ರಲ್ಲಿ ಬದುಕಿಗೆ ಮುಖ್ಯವಾದ ಐದು ವಿಷಯ ಪೇಷಂಟೇ ಹೇಳ್ಬೇಕು, ಒಂದೊಂದೂ ಈಗ ಹೇಗುಂಟು, ಯಾವುದಕ್ಕೆ ಎಷ್ಟು ತೂಕ ಅಂತ ಕೂಡ ಅವ್ರೇ. ತೂಕ ಹೇಳ್ಲಿಕ್ಕೆ ಬಣ್ಣದ ಡಿಸ್ಕ್ ಇರ್ತದೆ, ನನ್ನ ಹತ್ರ ಇರ್ಲಿಲ್ಲ, 20 ಹುಣಸೆಬೀಜ ಕೊಟ್ಟು ಹಂಚ್ಲಿಕ್ಕೆ ಹೇಳಿದೆ. ಇದನ್ನ ಅಸಲಿ ಸ್ಕೋರ್ ಅಂತ ಎಲ್ಲಿಯೂ ಬರೆಯುದಿಲ್ಲ, ಮಾತು ಹೊರಗೆ ಬರ್ಲಿಕ್ಕೆ ಮಾತ್ರ. ಅವ್ರು ಮಲ್ಲಿಗೆಗೆ 9 ಬೀಜ ಇಟ್ರು.

ಹೊತ್ತನ್ನೂ ಬರ್ಕೊಳ್ತೇನೆ ಈಗ. ಮಯಸ್ತೇನಿಯಾಕ್ಕೆ ಕೊಡುವ ಪಿರಿಡೋಸ್ಟಿಗ್ಮಿನ್ ಮಾತ್ರೆ ಅರ್ಧ ಗಂಟೆಯಲ್ಲಿ ಹಿಡಿತದೆ, ಮೂರು ನಾಲ್ಕು ಗಂಟೆ ನಿಲ್ತದೆ, ಹಾಗಾಗಿ ಬೆಳಿಗ್ಗೆ ಮಾತ್ರೆ ಹಿಡಿದಿರುವಾಗ ಕೇಳಿದ್ದನ್ನ ಸಂಜೆ ಸೋತು ಕೂತಾಗ ಕೇಳಿದ್ದರ ಜೊತೆ ಹೋಲಿಸಿದ್ರೆ ಕಾಯಿಲೆ ಏರಿತು ಇಳಿಯಿತು ಅಂತ ಸುಳ್ಳು ಲೆಕ್ಕ ಸಿಗ್ತದೆ.

ಇನ್ನೊಂದು, ಪಕ್ಕದಲ್ಲಿ ಯಾರು ಕೂತಿದ್ದಾರೆ ಅನ್ನೋದು. ಡುಶೆನ್ (ಮಸ್ಕ್ಯುಲರ್ ಡಿಸ್ಟ್ರೋಫಿಯದ್ದೇ ಒಂದು ಬಗೆ) ಇರುವ ಒಬ್ಬ ಹುಡುಗ, ವೀಲ್‌ಚೇರಲ್ಲೇ ಇರುವವ. ಮಕ್ಕಳ ಜೀವನದ ಗುಣಮಟ್ಟ ಅಳೆಯುವ ಪೆಡ್ಸ್‌ಕ್ಯೂಎಲ್ ಅನ್ನುವ ಪ್ರಶ್ನಾವಳಿಯಲ್ಲಿ ನರ-ಸ್ನಾಯು ಕಾಯಿಲೆಗೇ ಬೇರೆ 25 ಪ್ರಶ್ನೆ ಉಂಟು, ಮಗುವಿಗೆ ಒಂದು ಫಾರಂ, ಅಪ್ಪ ಅಮ್ಮನಿಗೆ ಇನ್ನೊಂದು. ಇಬ್ಬರನ್ನೂ ಬೇರೆ ಬೇರೆ ಕೋಣೆಯಲ್ಲಿ ಕೂರಿಸಿದೆ. ಅಮ್ಮ ಎಲ್ಲದಕ್ಕೂ ತುಂಬಾ ಕಷ್ಟ ಅಂತ ಹಾಕಿದ್ರು, ಹುಡುಗ ಹೆಚ್ಚಿನದ್ದಕ್ಕೆ ಕಷ್ಟ ಇಲ್ಲ ಅಂತ, ಒಂದಕ್ಕೆ ಮಾತ್ರ ‘ಯಾವಾಗ್ಲೂ’: ತನ್ನ ಕಾಯಿಲೆ ಎಂತದ್ದು ಅಂತ ಬೇರೆಯವ್ರಿಗೆ ವಿವರಿಸೋದು. ಕಾಲಿನ ವ್ಯಾಯಾಮ ಎಷ್ಟೋ ಸಮಯದಿಂದ ಮಾಡಿಸ್ತಿದ್ದೆ, ಇದನ್ನ ಒಮ್ಮೆಯೂ ಕೇಳಿರ್ಲಿಲ್ಲ. ಆ ವಾರ ವ್ಯಾಯಾಮ ಬಿಟ್ಟು, ಕ್ಲಾಸಿನವ್ರು ಕೇಳಿದ್ರೆ ಹೇಳ್ಲಿಕ್ಕೆ ಅವನೂ ನಾನೂ ಕೂತು ನಾಲ್ಕು ವಾಕ್ಯ ಬರೆದೆವು.

ಮಲ್ಲಿಗೆ ಅಮ್ಮನ ನ್ಯೂರಾಲಜಿಸ್ಟ್‌ಗೆ ಹೂ ಕಟ್ಟುವ ಹೊತ್ತು ಬರೆದು ಕಳಿಸಿದೆ, ಅವ್ರು ಬೆಳಗಿನ ಮಾತ್ರೆ ಮೊದಲಿಗಿಂತ ಬೇಗ ತಕ್ಕೊಳ್ಳುವ ಹಾಗೆ ಟೈಮ್ ಬದಲಾಯಿಸಿದ್ರು. ನಾನು ಮೊಣಕೈ ಊರಲಿಕ್ಕೆ ತಗ್ಗಿನ ಮೇಜು ಇಡಿಸಿದೆ, 200 ಮೊಗ್ಗಿಗೊಮ್ಮೆ ಕಣ್ಣು ಮುಚ್ಚಿ ರೆಸ್ಟ್. ಈಗ ಎರಡು ಚೆಂಡು ಆಗ್ತದೆ, ಉಳಿದದ್ದು ಸೊಸೆ ಕಟ್ತಾಳೆ. ಆರು ತಿಂಗಳ ನಂತ್ರ ಪುನಃ ಬೀಜ ಕೊಟ್ಟೆ. ಮಲ್ಲಿಗೆಗೆ 5, ತೆಗೆದ 4 ಬೀಜ ‘ಮಗಳ ಮನೆಗೆ ಬಸ್ಸಲ್ಲಿ ಒಬ್ಬಳೇ ಹೋಗೋದು’ ಅನ್ನುವ ಹೊಸ ಸಾಲಿಗೆ. ಯಾವ ಬಸ್ಸು, ಎಷ್ಟು ಗಂಟೆಗೆ, ಮೆಟ್ಟಿಲು ಎಷ್ಟು ಎತ್ತರ ಅಂತ ಕೇಳಿ ಬರ್ಕೊಂಡೆ, ನಾಳಿದ್ದು ಒಟ್ಟಿಗೆ ಬಸ್‌ಸ್ಟಾಪಿಗೆ ಹೋಗೋದು ಅಂತ ಆಗಿದೆ.